ಬಿಟ್ಟ ಪರೀಕ್ಷೆಯ ಲೆಕ್ಕ



ತಂತ್ರಜ್ಞಾನದ ಬಗ್ಗೆ ಕನ್ನಡದಲ್ಲಿ ಮಾತಾಡಬೇಕು, ಮೇಲುಮೇಲಿನ ಪರಿಚಯಕ್ಕೆ ನಿಲ್ಲದೆ ಒಂದು ಸಂಗತಿಯ ಒಳಕ್ಕೆ ಇಳಿದು ಮಾತಾಡಬೇಕು ಎಂಬುದು ಈ ದತ್ತಿ ಉಪನ್ಯಾಸದ ಆಶಯ. ಅದನ್ನು ಗೌರವಿಸಿ ನಾನು ಬಹಳ ಸಣ್ಣದೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಗ್ರಾಫಿಕ್ಸ್ ಡ್ರೈವರ್‌ಗಳನ್ನು ಪರೀಕ್ಷಿಸುವ ಕೋಡ್‌ನಲ್ಲಿ ‘ಈ ಯಂತ್ರದಲ್ಲಿ ಈ ಟೆಸ್ಟ್ ನಡೆಸುವುದು ಬೇಡ, ಬಿಡು’ ಎಂದು ಹೇಳುವ ಒಂದೆರಡು ಸಾಲುಗಳಿರುತ್ತವೆ. ಹಾಗೆ ಬಿಡುವುದಕ್ಕೆ ಕೆಲಸಗಾರರ ನಡುವೆ ಸ್ಕಿಪ್ ಎನ್ನುತ್ತಾರೆ. ಯಾವಾಗ ಬಿಡಬೇಕು ಎಂದು ತೀರ್ಮಾನಿಸುವ ಷರತ್ತನ್ನು ಹೇಗೆ ಆರಿಸಬೇಕು ಎಂಬುದೇ ಇವತ್ತಿನ ಮಾತು.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಪಾಸ್ ಮತ್ತು ಫೇಲ್ ಹೇಗೆ ಡ್ರೈವರ್‌ನ ಬಗ್ಗೆ ಹೇಳಿಕೆಗಳೋ, ಸ್ಕಿಪ್ ಕೂಡ ಹಾಗೆಯೇ ಒಂದು ಹೇಳಿಕೆ. ‘ಈ ಯಂತ್ರಕ್ಕೆ ಈ ಶಕ್ತಿ ಇಲ್ಲ’ ಎಂದು ಅದು ಸಾರುತ್ತದೆ. ಹಾಗೆ ಸಾರುವುದಕ್ಕೂ ಸಾಕ್ಷ್ಯ ಬೇಕು. ಆ ಸಾಕ್ಷ್ಯ ಪರೀಕ್ಷೆಗೆ ಒಳಗಾಗಿರುವ ಡ್ರೈವರ್‌ನ ಬಾಯಿಂದಷ್ಟೇ ಬಂದಿದ್ದರೆ ಸಾಲದು.

ನೀವು ನೋಡುವ ಪ್ರತಿಯೊಂದು ಪರದೆಯ ಹಿಂದೆ, ಅದು ಲ್ಯಾಪ್‌ಟಾಪ್ ಆಗಲಿ, ರೈಲ್ವೆ ನಿಲ್ದಾಣದ ಫಲಕವಾಗಲಿ, ಒಂದು ಗ್ರಾಫಿಕ್ಸ್ ಡ್ರೈವರ್, ಅಂದರೆ ಗ್ರಾಫಿಕ್ಸ್ ಚಿಪ್ಪನ್ನು ನಡೆಸುವ ತಂತ್ರಾಂಶ, ಇರುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಈ ಡ್ರೈವರ್‌ಗಳೆಲ್ಲ ಡಿಆರ್‌ಎಂ ಎಂಬ ಉಪವ್ಯವಸ್ಥೆಯ ಕೆಳಗೆ ಕೂಡಿಕೊಂಡಿವೆ: ಇಂಟೆಲ್ ಚಿಪ್‌ಗಳಿಗೆ ಐ915 ಮತ್ತು 2024ರಲ್ಲಿ 6.8ನೇ ಆವೃತ್ತಿಯ ಕರ್ನಲ್‌ನೊಂದಿಗೆ ಬಂದ ಎಕ್ಸ್‌ಇ, ಎಎಂಡಿಗೆ ಎಎಂಡಿಜಿಪಿಯು, ರಾಸ್ಪ್‌ಬೆರಿ ಪೈ ಬೋರ್ಡ್‌ಗೆ ವಿಸಿ4 ಮತ್ತು ವಿ3ಡಿ. ಇವನ್ನು ಪರೀಕ್ಷಿಸುವ ದೊಡ್ಡ ಟೆಸ್ಟ್ ಸಂಗ್ರಹದ ಹೆಸರು ಐಜಿಟಿ. ಮೊದಲು ಇಂಟೆಲ್‌ನವರು ತಮ್ಮ ಚಿಪ್‌ಗಳಿಗಾಗಿ ಬರೆದುಕೊಂಡ ಉಪಕರಣಗಳ ಗಂಟು ಅದು. ‘ಇಂಟೆಲ್ ಜಿಪಿಯು ಟೂಲ್ಸ್’ ಎಂದೇ ಕರೆಯುತ್ತಿದ್ದರು. ಬೇರೆ ಡ್ರೈವರ್‌ಗಳವರೂ ಬಳಸತೊಡಗಿದ ಮೇಲೆ, 2018ರ ಹೊತ್ತಿಗೆ, ಹೆಸರು ‘ಐಜಿಟಿ ಜಿಪಿಯು ಟೂಲ್ಸ್’ ಎಂದಾಯಿತು. ಕರ್ನಲ್‌ನ ಮೇಲಿನ ಪದರದಲ್ಲಿ, ಅಪ್ಲಿಕೇಷನ್‌ಗಳು ಚಿತ್ರ ಬಿಡಿಸಲು ಬಳಸುವ ಓಪನ್‌ಜಿಎಲ್ ಮತ್ತು ವಲ್ಕನ್ ಮಟ್ಟದಲ್ಲಿ, ಪಿಗ್ಲಿಟ್ ಇದೆ. ಫಿನ್ಲೆಂಡಿನ ಡ್ರಾಎಲಿಮೆಂಟ್ಸ್ ಕಂಪನಿ ಕಟ್ಟಿದ ಡೀಕ್ಯೂಪಿ ಇದೆ. ಆ ಕಂಪನಿಯನ್ನು 2014ರಲ್ಲಿ ಗೂಗಲ್ ಕೊಂಡಿತು. ಆಮೇಲೆ ಆ ಟೆಸ್ಟ್‌ಗಳು ಮುಕ್ತ ಆಕರಕ್ಕೆ ಬಂದು, ಇವತ್ತು ಆ ಎರಡರ ನಿರ್ದೇಶಗಳನ್ನು ರೂಪಿಸುವ ಕ್ರೋನೋಸ್ ಸಂಸ್ಥೆಯ ಅಧಿಕೃತ ಅನುಸರಣಾ ಪರೀಕ್ಷೆಯ ಬೆನ್ನೆಲುಬಾಗಿವೆ. ಬೆಂಗಳೂರಿನಲ್ಲಿ ಇಂಟೆಲ್, ಎಎಂಡಿ, ಎನ್‌ವಿಡಿಯ, ಕ್ವಾಲ್‌ಕಾಮ್ ಕಂಪನಿಗಳ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ. ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಈ ಕೋಡ್ ಓದುವ, ಬರೆಯುವ ಕೆಲಸ ಒದಗಿಬರುತ್ತದೆ. ಅದಕ್ಕೇ ಈ ವಿಷಯ.

ಗ್ರಾಫಿಕ್ಸ್ ಟೆಸ್ಟ್‌ಗೆ ಸ್ಕಿಪ್ ಏಕೆ ಇಷ್ಟು ಬೇಕಾಗುತ್ತದೆ? ಲೆಕ್ಕ ಕೂಡುವ ಒಂದು ಫಂಕ್ಷನ್‌ನ ಟೆಸ್ಟ್ ಎಲ್ಲ ಯಂತ್ರದಲ್ಲೂ ಓಡುತ್ತದೆ. ಗ್ರಾಫಿಕ್ಸ್‌ನಲ್ಲಿ ಹಾಗಿಲ್ಲ. ಒಂದು ಚಿಪ್‌ಗೆ ನಾಲ್ಕು ಪರದೆ ನಡೆಸುವ ಶಕ್ತಿ ಇದ್ದರೆ ಇನ್ನೊಂದಕ್ಕೆ ಒಂದೇ. ಒಂದಕ್ಕೆ ಸ್ವಂತ ಮೆಮೊರಿ ಇದ್ದರೆ ಇನ್ನೊಂದು ಸಿಪಿಯು ಮೆಮೊರಿಯನ್ನೇ ಹಂಚಿಕೊಳ್ಳುತ್ತದೆ. ಕೆಲವಕ್ಕೆ ಪರದೆಯ ಭಾಗವೇ ಇರುವುದಿಲ್ಲ, ಲೆಕ್ಕ ಮಾಡುವ ಭಾಗ ಮಾತ್ರ. ಸಾವಿರಾರು ಟೆಸ್ಟ್‌ಗಳನ್ನು ನೂರಾರು ಬಗೆಯ ಯಂತ್ರಗಳಲ್ಲಿ ಓಡಿಸಿದಾಗ, ಹೆಚ್ಚಿನ ಜೋಡಿಗಳಿಗೆ ಅರ್ಥವೇ ಇರುವುದಿಲ್ಲ. ಮಾನಿಟರ್ ಸಿಕ್ಕಿಸದ ಯಂತ್ರದಲ್ಲಿ ಬಣ್ಣದ ಟೆಸ್ಟ್ ಫೇಲ್ ಆಯಿತೆಂದರೆ ಅದರಿಂದ ಡ್ರೈವರ್ ಬಗ್ಗೆ ಏನೂ ತಿಳಿಯುವುದಿಲ್ಲ.

ಆದ್ದರಿಂದ ಪಾಸ್, ಫೇಲ್‌ಗಳ ಜೊತೆಗೆ ಮೂರನೆಯ ಉತ್ತರ ಹುಟ್ಟಿತು. ಐಜಿಟಿಯ ಪ್ರೋಗ್ರಾಂ ಸ್ಕಿಪ್ ಆದಾಗ 77 ಎಂಬ ಸಂಖ್ಯೆಯನ್ನು ಹಿಂದಿರುಗಿಸಿ ಮುಗಿಯುತ್ತದೆ. ಇದು ಗ್ನೂ ಆಟೋಮೇಕ್‌ನ ಕಾಲದಿಂದ ನಡೆದುಬಂದ ರೂಢಿ. ಕರ್ನಲ್‌ನ ಸ್ವಂತ ಸೆಲ್ಫ್‌ಟೆಸ್ಟ್‌ಗಳಲ್ಲಿ ಅದೇ ಕೆಲಸಕ್ಕೆ 4. ಡೀಕ್ಯೂಪಿಯಲ್ಲಿ ‘ನಾಟ್ ಸಪೋರ್ಟೆಡ್’ ಎಂದು ದಾಖಲಾಗುತ್ತದೆ. ಐಜಿಟಿಯಲ್ಲಿ ಬರೆಯುವವರು ಬಳಸುವ ಮುಖ್ಯ ಸಾಧನ ಐಜಿಟಿ_ರಿಕ್ವೈರ್ ಎಂಬ ಮ್ಯಾಕ್ರೋ. ಅದರ ಆವರಣದೊಳಗೆ ಕೊಟ್ಟ ಷರತ್ತು ನಿಜವಾದರೆ ಟೆಸ್ಟ್ ಮುಂದುವರಿಯುತ್ತದೆ, ಸುಳ್ಳಾದರೆ ಅಲ್ಲಿಂದಲೇ ಜಿಗಿದು ಹೊರಬರುತ್ತದೆ. ಅದರ ಅಣ್ಣನಂತೆ ಕಾಣುವ ಐಜಿಟಿ_ಅಸರ್ಟ್‌ನ ಒಳಗೆ ಅದೇ ಷರತ್ತನ್ನು ಕೊಟ್ಟಿದ್ದರೆ ಫಲಿತಾಂಶ ಫೇಲ್. ಬರೆಯುವ ಹೊತ್ತಿನಲ್ಲಿ ವ್ಯತ್ಯಾಸ ಒಂದೇ ಶಬ್ದದ್ದು. ಆದರೆ ಒಂದರಲ್ಲಿ ಆರೋಪ ಡ್ರೈವರ್‌ನ ಮೇಲೆ ಹೋಗುತ್ತದೆ, ಇನ್ನೊಂದರಲ್ಲಿ ಯಾರ ಮೇಲೂ ಹೋಗುವುದಿಲ್ಲ.

ಷರತ್ತು ಎರಡು ಬಗೆಯಲ್ಲಿ ತಪ್ಪಬಹುದು. ಬಿಡಬೇಕಾದ ಕಡೆ ಬಿಡದಿದ್ದರೆ, ಶಕ್ತಿಯೇ ಇಲ್ಲದ ಯಂತ್ರದಲ್ಲಿ ಟೆಸ್ಟ್ ಫೇಲ್ ಆಗುತ್ತದೆ. ಇದು ಗಲಾಟೆ ಮಾಡುವ ತಪ್ಪು. ಮರುದಿನವೇ ಯಾರೋ ಬಗ್ ದಾಖಲಿಸುತ್ತಾರೆ, ಇನ್ಯಾರೋ ಪ್ಯಾಚ್ ಕಳಿಸುತ್ತಾರೆ, ವಾರದೊಳಗೆ ಸರಿಹೋಗುತ್ತದೆ. ಓಡಬೇಕಾದ ಕಡೆ ಬಿಟ್ಟುಬಿಟ್ಟರೆ ಏನಾಗುತ್ತದೆ? ಏನೂ ಆಗುವುದಿಲ್ಲ. ವರದಿಯಲ್ಲಿ ಕೆಂಪು ಬಣ್ಣ ಕಾಣುವುದಿಲ್ಲ, ಯಾರಿಗೂ ಮೇಲ್ ಹೋಗುವುದಿಲ್ಲ. ಆ ಭಾಗದ ಡ್ರೈವರ್ ಕೋಡ್ ಒಡೆದುಹೋದರೂ ಗೊತ್ತಾಗುವುದು ಬಳಕೆದಾರನ ಪರದೆ ಕಪ್ಪಾದ ಮೇಲೆಯೇ. ಸದ್ದು ಮಾಡುವ ತಪ್ಪು ತಾನಾಗಿ ಸರಿಹೋಗುತ್ತಿರುವಾಗ ಸದ್ದಿಲ್ಲದ ತಪ್ಪು ವರ್ಷಗಟ್ಟಲೆ ಉಳಿಯುವುದರಿಂದ, ಹಳೆಯದಾದ ಟೆಸ್ಟ್ ಸಂಗ್ರಹಗಳಲ್ಲಿ ಅಗತ್ಯಕ್ಕಿಂತ ಅಗಲವಾದ ಸ್ಕಿಪ್ ಷರತ್ತುಗಳೇ ಹೆಚ್ಚು ಕೂಡಿಕೊಳ್ಳುತ್ತವೆ. ಬರೆಯುವವನಿಗೂ ಒಂದು ಪ್ರಲೋಭನೆ ಇದೆ. ತನ್ನ ಟೆಸ್ಟ್ ಯಾವುದೋ ಅಪರಿಚಿತ ಬೋರ್ಡ್‌ನಲ್ಲಿ ಫೇಲ್ ಆಗುತ್ತಿದೆ, ಆ ಬೋರ್ಡ್ ಕೈಯಲ್ಲಿಲ್ಲ, ಕಾರಣ ಹುಡುಕಲು ಸಮಯವಿಲ್ಲ. ಅಸರ್ಟ್ ಅಳಿಸಿ ರಿಕ್ವೈರ್ ಹಾಕಿದರೆ ವರದಿ ಹಸಿರಾಗುತ್ತದೆ. ಆ ಕ್ಷಣದಲ್ಲಿ ಟೆಸ್ಟ್ ತನ್ನ ಕೆಲಸ ಬಿಟ್ಟುಕೊಟ್ಟಿತು ಎಂದೇ ನಾನು ತಿಳಿಯುತ್ತೇನೆ. ರಿವ್ಯೂ ಮಾಡುವವರು ಅಂಥ ಪ್ಯಾಚ್‌ನ ಮುಂದೆ ನಿಂತು ಕಾರಣ ಕೇಳಬೇಕು.

ಈಗ ಷರತ್ತಿನ ಒಳಗೆ ಯಾವ ಪ್ರಶ್ನೆ ಇರಬೇಕು ಎಂಬಲ್ಲಿಗೆ ಬರೋಣ. ಬಹಳ ಮಂದಿಯ ಕೈಗೆ ಮೊದಲು ಸಿಗುವ ಪ್ರಶ್ನೆ ‘ಇದು ಯಾವ ತಲೆಮಾರಿನ ಚಿಪ್?’ ಎಂಬುದು. ಇಂಟೆಲ್‌ನಲ್ಲಿ ತಲೆಮಾರುಗಳಿಗೆ ಸಂಖ್ಯೆಗಳಿವೆ: 2011ರ ಸ್ಯಾಂಡಿ ಬ್ರಿಜ್ ಆರನೆಯದು, 2015ರ ಸ್ಕೈಲೇಕ್ ಒಂಬತ್ತನೆಯದು. ‘ತಲೆಮಾರು ಎಂಟಕ್ಕಿಂತ ಕಡಿಮೆ ಇದ್ದರೆ ಬಿಡು’ ಎಂದು ಬರೆಯುವುದು ಸುಲಭ. ಅದರ ಅಡಿಯಲ್ಲಿ ಒಂದು ನಂಬಿಕೆ ಅಡಗಿದೆ: ಹೊಸ ಚಿಪ್‌ನಲ್ಲಿ ಹಳೆಯದರಲ್ಲಿದ್ದುದೆಲ್ಲ ಇರುತ್ತದೆ, ಜೊತೆಗೆ ಇನ್ನಷ್ಟು. ಬಹಳ ಕಾಲ ಈ ನಂಬಿಕೆ ಹೆಚ್ಚುಕಡಿಮೆ ನಿಜವೇ ಆಗಿತ್ತು.

ಅದು ಮುರಿದದ್ದು ಹೇಗೆಂದು ವಿವರವಾಗಿ ಹೇಳಬೇಕು, ಏಕೆಂದರೆ ಪಾಠ ಇರುವುದು ವಿವರದಲ್ಲಿ. ಇಂಟೆಲ್‌ನ ಸಿಪಿಯು ಜೊತೆಗೇ ಕೂಡಿಬರುತ್ತಿದ್ದ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಅಪರ್ಚರ್ ಎಂಬ ಒಂದು ಕಿಟಕಿ ಇತ್ತು. ಚಿಪ್ ತನ್ನ ವಿಳಾಸಪಟ್ಟಿಯ ಮೂಲಕ ನೋಡುವ ಮೆಮೊರಿಯ ಒಂದು ಭಾಗವನ್ನು ಸಿಪಿಯು ಕೂಡ ಅದೇ ಕಿಟಕಿಯ ಮೂಲಕ ನೋಡಬಹುದಿತ್ತು. ಚೌಕಚೌಕವಾಗಿ ಹೆಣೆದಂತೆ ಇಟ್ಟ ಚಿತ್ರವನ್ನು ಈ ಕಿಟಕಿಯಲ್ಲಿ ನೋಡಿದರೆ ಸಾಲುಸಾಲಾಗಿ ಕಾಣುವಂತೆ ಮಾಡುವ ಫೆನ್ಸ್ ರಿಜಿಸ್ಟರ್‌ಗಳೂ ಇದ್ದವು. ಹೀಗಾಗಿ ಐಜಿಟಿಯ ಎಷ್ಟೋ ಟೆಸ್ಟ್‌ಗಳು ಚಿತ್ರದೊಳಗೆ ಬಿಂದುಗಳನ್ನು ಬರೆಯಲು, ಓದಲು ಈ ಕಿಟಕಿಯನ್ನೇ ಬಳಸುತ್ತಿದ್ದವು. ಇದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ, ಯಾವಾಗಲೂ ಇರುತ್ತಿತ್ತಲ್ಲ. ಮುಂದೆ ಸ್ವಂತ ಮೆಮೊರಿಯ ಬಿಡಿ ಕಾರ್ಡ್‌ಗಳು ಬಂದವು, 2022ರಲ್ಲಿ ಆರ್ಕ್ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅವುಗಳಲ್ಲಿ ಆ ಕಿಟಕಿ ಇಲ್ಲ. 2023ರ ಕೊನೆಗೆ ಬಂದ ಮೀಟಿಯರ್ ಲೇಕ್ ಸಿಪಿಯು ಜೊತೆಯ ಚಿಪ್ಪೇ ಆದರೂ ಅದರಲ್ಲೂ ಇಲ್ಲ. ಅಂದರೆ ‘ಬಿಡಿ ಕಾರ್ಡ್ ಆದರೆ ಬಿಡು’ ಎಂದು ಬರೆದವರ ಷರತ್ತೂ ಕೆಲವೇ ವರ್ಷಗಳಲ್ಲಿ ಹುಸಿಯಾಗುತ್ತಿತ್ತು. ನಿಂತು ಬಾಳಿದ್ದು ನೇರವಾದ ಪ್ರಶ್ನೆ: ‘ಸಿಪಿಯುಗೆ ಕಾಣುವ ಅಪರ್ಚರ್ ಇದೆಯೇ?’ ಐಜಿಟಿಯ ಲೈಬ್ರರಿಯಲ್ಲಿ ಈಗ ಅದೇ ಪ್ರಶ್ನೆ ಕೇಳುವ ಫಂಕ್ಷನ್ ಇದೆ. ತಲೆಮಾರು, ಕಾರ್ಡ್‌ನ ಬಗೆ, ಚಿಪ್‌ನ ಹೆಸರು ಯಾವುದನ್ನೂ ಅದು ನೋಡುವುದಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು, ಅದನ್ನು ಬಹಳ ಮಂದಿ ಮರೆಯುತ್ತಾರೆ. ಆ ಟೆಸ್ಟ್‌ಗೆ ನಿಜವಾಗಿ ಅಪರ್ಚರ್ ಬೇಕಿತ್ತೇ? ಅಪರ್ಚರನ್ನೇ ಪರೀಕ್ಷಿಸುವ ಟೆಸ್ಟ್ ಆದರೆ ಹೌದು, ಬಿಡುವುದೇ ಸರಿ. ಬರೀ ನಾಲ್ಕು ಬಿಂದು ಬರೆಯಲು ಅದನ್ನು ಬಳಸಿಕೊಂಡಿದ್ದ ಟೆಸ್ಟ್ ಆದರೆ ಸ್ಕಿಪ್ ಸೇರಿಸುವ ಬದಲು, ಮೆಮೊರಿಗೆ ಬರೆಯುವ ಬೇರೆ ದಾರಿ ಹಿಡಿಯುವಂತೆ ಟೆಸ್ಟನ್ನೇ ತಿದ್ದಬೇಕು. ಸ್ಕಿಪ್ ಷರತ್ತು ಬರೆಯಲು ಕೈ ಹಾಕಿದಾಗ ಮೊದಲು ಮಾಡಬೇಕಾದ ಕೆಲಸ ಅದರ ಅವಶ್ಯಕತೆಯನ್ನೇ ತೆಗೆದುಹಾಕಲು ಸಾಧ್ಯವೇ ಎಂದು ನೋಡುವುದು.

ತಲೆಮಾರು ಕೇಳುವುದು ಯಾವಾಗಲೂ ತಪ್ಪು ಎಂದು ನಾನು ಹೇಳುತ್ತಿಲ್ಲ. ಒಂದು ನಿರ್ದಿಷ್ಟ ಚಿಪ್‌ನ ದೋಷಕ್ಕೆ ಡ್ರೈವರ್ ಮಾಡಿಕೊಂಡ ಪರಿಹಾರವನ್ನು ಪರೀಕ್ಷಿಸುವಾಗ, ಅಥವಾ ಒಂದು ತಲೆಮಾರಿಗೆ ಮಾತ್ರ ಸಲ್ಲುವ ಆದೇಶಗಳನ್ನು ಟೆಸ್ಟ್ ತಾನೇ ಕೈಯಾರೆ ಚಿಪ್‌ಗೆ ಕೊಡುವಾಗ, ಪ್ರಶ್ನೆ ನಿಜವಾಗಿಯೂ ಚಿಪ್‌ನ ಬಗ್ಗೆಯೇ ಇರುತ್ತದೆ. ಆಗ ಚಿಪ್‌ನ ಹೆಸರು ಕೇಳುವುದೇ ಪ್ರಾಮಾಣಿಕ.

ಇದೇ ರೋಗದ ಇನ್ನೊಂದು ರೂಪ ಡ್ರೈವರ್‌ನ ಹೆಸರು ಕೇಳುವುದು. ಟೆಸ್ಟ್‌ನ ಮೊದಲ ಸಾಲಿನಲ್ಲೇ ‘ಇಂಟೆಲ್ ಡ್ರೈವರ್ ತೆರೆ’ ಎಂದು ಬರೆದರೆ, ಉಳಿದ ಎಲ್ಲ ಯಂತ್ರಗಳಲ್ಲೂ ಅದು ಸ್ಕಿಪ್. ಒಳಗಿನ ಕೋಡ್ ಓದಿ ನೋಡಿದರೆ ಟೆಸ್ಟ್‌ಗೆ ಬೇಕಾದುದು ಸಿಪಿಯು ನೇರವಾಗಿ ಬರೆಯಬಲ್ಲ ಸರಳ ಚಿತ್ರಜಾಗವಾದ ಡಂಬ್ ಬಫರ್ ಮತ್ತು ಪರದೆಯ ಬದಲಾವಣೆಗಳನ್ನೆಲ್ಲ ಒಟ್ಟಿಗೆ ಜಾರಿಮಾಡುವ ಅಟಾಮಿಕ್ ಮೋಡ್‌ಸೆಟಿಂಗ್ ಅಷ್ಟೇ ಆಗಿರಬಹುದು. ರಾಸ್ಪ್‌ಬೆರಿ ಪೈ ಕೂಡ ಅವೆರಡನ್ನೂ ಕೊಡುತ್ತದೆ. ‘ಯಾವ ಡ್ರೈವರ್ ಆದರೂ ಸರಿ’ ಎಂದು ತೆರೆದು, ಡಂಬ್ ಬಫರ್ ಇದೆಯೇ, ಅಟಾಮಿಕ್ ಇದೆಯೇ ಎಂದು ಎರಡು ಪ್ರಶ್ನೆ ಕೇಳಿದರೆ ಒಂದೇ ಟೆಸ್ಟ್ ಹತ್ತು ಡ್ರೈವರ್‌ಗಳಿಗೆ ಕಾವಲಾಗುತ್ತದೆ. ವಲ್ಕನ್‌ನಲ್ಲಿ ಇದೇ ತಪ್ಪು ಬೇರೆ ವೇಷದಲ್ಲಿ ಬರುತ್ತದೆ. ಮೊದಲು ಎಕ್ಸ್‌ಟೆನ್ಷನ್ ಆಗಿದ್ದ ಗುಣ 1.1ನೇ ಆವೃತ್ತಿಯಲ್ಲಿ ಮೂಲ ನಿರ್ದೇಶದೊಳಗೆ ಸೇರಿಹೋಗಿರುತ್ತದೆ. ಟೆಸ್ಟ್ ಇನ್ನೂ ಹಳೆಯ ಎಕ್ಸ್‌ಟೆನ್ಷನ್‌ನ ಹೆಸರನ್ನೇ ಪಟ್ಟಿಯಲ್ಲಿ ಹುಡುಕುತ್ತದೆ. ಆ ಹೆಸರನ್ನು ಬೇರೆಯಾಗಿ ಸಾರದ ಡ್ರೈವರ್‌ನಲ್ಲಿ, ಗುಣ ಇದ್ದೂ ಟೆಸ್ಟ್ ಸ್ಕಿಪ್. ಹೀಗಾಗಿಯೇ ಕ್ರೋನೋಸ್‌ನ ಟೆಸ್ಟ್ ಚೌಕಟ್ಟಿನಲ್ಲಿ, ಹೆಸರು ಹುಡುಕುವ ಜೊತೆಗೆ ಮೂಲ ಆವೃತ್ತಿಯನ್ನೂ ನೋಡಿ ಉತ್ತರ ಹೇಳುವ ಒಂದು ಸಹಾಯಕ ಫಂಕ್ಷನ್ ಮಾಡಿಟ್ಟಿದ್ದಾರೆ.

ಇನ್ನು ಮೇಲೆ ಹೇಳುವುದೇ ನನಗೆ ಅತ್ಯಂತ ಮುಖ್ಯವೆನಿಸಿದ ಭಾಗ. ಶಕ್ತಿ ಇದೆಯೇ ಎಂದು ಕೇಳುವುದು ಸರಿ, ಆದರೆ ಯಾರನ್ನು ಕೇಳುತ್ತಿದ್ದೇವೆ? ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಕೊಡುವುದು ನಾವು ಪರೀಕ್ಷಿಸುತ್ತಿರುವ ಡ್ರೈವರೇ. ಪರೀಕ್ಷೆಯ ಕೊಠಡಿಯಲ್ಲಿ ‘ಈ ಪ್ರಶ್ನೆ ಸಿಲಬಸ್‌ನಲ್ಲಿ ಇತ್ತೇ?’ ಎಂದು ವಿದ್ಯಾರ್ಥಿಯನ್ನೇ ಕೇಳಿ, ಇಲ್ಲವೆಂದರೆ ಆ ಪ್ರಶ್ನೆಯ ಅಂಕ ಬಿಟ್ಟುಬಿಡುವಂತಾಯಿತು ಇದು.

ಚಿತ್ರವನ್ನು ಹಿಗ್ಗಿಸಿ ಕುಗ್ಗಿಸಿ ತೋರಿಸುವ ಸ್ಕೇಲಿಂಗ್ ಟೆಸ್ಟನ್ನು ತೆಗೆದುಕೊಳ್ಳಿ. ಪ್ರತಿ ಚಿಪ್‌ಗೂ ಎಷ್ಟರ ಮಟ್ಟಿಗೆ ಹಿಗ್ಗಿಸಬಹುದು, ಕುಗ್ಗಿಸಬಹುದು ಎಂಬ ಮಿತಿ ಇದೆ. ಆ ಮಿತಿಯನ್ನು ಮುಂಚೆಯೇ ತಿಳಿಸುವ ಸಾಮಾನ್ಯ ಮಾರ್ಗ ಇಲ್ಲ. ಹಾಗಾಗಿ ಟೆಸ್ಟ್ ಒಂದು ಅಳತೆಯನ್ನು ಕೊಟ್ಟು ಪ್ರಯತ್ನಿಸುತ್ತದೆ, ಕರ್ನಲ್ ಒಪ್ಪದಿದ್ದರೆ ‘ಈ ಅಳತೆ ಬೆಂಬಲವಿಲ್ಲ’ ಎಂದು ಸ್ಕಿಪ್ ಮಾಡುತ್ತದೆ. ಕರ್ನಲ್ ಹೇಗೆ ನಿರಾಕರಿಸುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಡಿಆರ್‌ಎಂನ ಸಹಾಯಕ ಕೋಡ್ ಹಿಗ್ಗಿಸುವ ಪ್ರಮಾಣ ಮಿತಿ ಮೀರಿದರೆ ಇರೇಂಜ್ ಎಂಬ ದೋಷಸಂಖ್ಯೆ ಕೊಡುತ್ತದೆ, ಅದು 34. ಬಹಳ ಡ್ರೈವರ್‌ಗಳು ಅದರ ಬದಲು ಇನ್‌ವ್ಯಾಲ್ ಕೊಡುತ್ತವೆ, ಅದು 22. ಇರೇಂಜ್‌ಗೆ ಒಂದು ಅರ್ಥವಿದೆ. ಇನ್‌ವ್ಯಾಲ್ ಎಂದರೆ ‘ನೀನು ಕೊಟ್ಟದ್ದರಲ್ಲಿ ಏನೋ ಸರಿಯಿಲ್ಲ’ ಎಂದಷ್ಟೇ. ಡಿಆರ್‌ಎಂನ ದಾಖಲೆಯೇ ಅದನ್ನು ಎಲ್ಲಕ್ಕೂ ಒದಗುವ ಉತ್ತರ ಎಂದು ವರ್ಣಿಸುತ್ತದೆ. ಗೊತ್ತಿಲ್ಲದ ಐಆಕ್ಟಲ್, ಅಂದರೆ ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ, ಬಂದರೂ ಡಿಆರ್‌ಎಂ ಇನ್‌ವ್ಯಾಲ್ ಕೊಡುತ್ತದೆ. ಲೆಕ್ಕ ತಪ್ಪಿದ ಡ್ರೈವರ್, ಒಪ್ಪಬೇಕಾಗಿದ್ದ ಅಳತೆಯನ್ನು ನಿರಾಕರಿಸುವಾಗಲೂ ಅದನ್ನೇ ಕೊಡುತ್ತದೆ. ಟೆಸ್ಟ್ ಇನ್‌ವ್ಯಾಲ್ ಕಂಡೊಡನೆ ಸ್ಕಿಪ್ ಮಾಡುವುದಾದರೆ, ಸ್ಕೇಲಿಂಗ್ ಕೋಡ್ ಪೂರ್ತಿ ಮುರಿದುಬಿದ್ದ ದಿನ ಸ್ಕೇಲಿಂಗ್ ಟೆಸ್ಟ್‌ಗಳೆಲ್ಲ ಒಂದೇ ಸಮನೆ, ಶಾಂತವಾಗಿ, ಸ್ಕಿಪ್ ಆಗುತ್ತವೆ.

ಕರ್ನಲ್‌ನ ಗ್ರಾಫಿಕ್ಸ್ ಕೋಡ್ ಬರೆಯುವ ಡೇನಿಯಲ್ ವೆಟರ್ ಅವರು 2013ರಲ್ಲಿ, ಐಆಕ್ಟಲ್‌ಗಳನ್ನು ಕೆಡಿಸದಿರುವುದು ಹೇಗೆ ಎಂಬ ಅರ್ಥದ ತಲೆಬರಹ ಕೊಟ್ಟು, ಬರೆದ ಟಿಪ್ಪಣಿ ಇವತ್ತಿಗೂ ಕರ್ನಲ್‌ನ ದಾಖಲೆಗಳಲ್ಲಿದೆ. ಹೊಸ ಸೌಲಭ್ಯ ಈ ಕರ್ನಲ್‌ನಲ್ಲಿ ಇದೆಯೇ ಇಲ್ಲವೇ ಎಂದು ತಿಳಿಯಲು ಸ್ಪಷ್ಟ ಮಾರ್ಗ ಕೊಡಿ ಎಂದು ಅವರು ಅಲ್ಲಿ ಒತ್ತಿ ಹೇಳುತ್ತಾರೆ. ಆ ಸಲಹೆಯನ್ನು ಸಾಮಾನ್ಯವಾಗಿ ಅಪ್ಲಿಕೇಷನ್ ಬರೆಯುವವರ ಹಿತಕ್ಕೆಂದು ಓದುತ್ತೇವೆ. ಟೆಸ್ಟ್ ಬರೆಯುವವರಿಗೆ ಅದು ಅಷ್ಟೇ ಪ್ರಾಣಪ್ರಾಯ. ಇದೆಯೇ ಎಂದು ಕೇಳುವ ದಾರಿ, ಮಾಡು ಎಂದು ಹೇಳುವ ದಾರಿಯಿಂದ ಬೇರೆಯಾಗಿದ್ದರೆ ಮಾತ್ರ, ‘ಇದೆ’ ಎಂದು ಹೇಳಿ ಆಮೇಲೆ ನಿರಾಕರಿಸಿದ ಡ್ರೈವರನ್ನು ಫೇಲ್ ಮಾಡಲು ಸಾಧ್ಯ. ಬೆಂಬಲವಿಲ್ಲ ಎನ್ನಲು ಕರ್ನಲ್‌ನಲ್ಲಿ ಬೇರೆಯೇ ಸಂಖ್ಯೆ ಇದೆ, 95. ಹೊಸ ಡ್ರೈವರ್ ಬರೆಯುವವರು ಅದನ್ನು ಬಳಸುವ ಶಿಸ್ತು ಇಟ್ಟುಕೊಂಡರೆ ಟೆಸ್ಟ್‌ಗಳು ಆ ಒಂದು ಉತ್ತರಕ್ಕೆ ಮಾತ್ರ ಸ್ಕಿಪ್ ಆಗಿ, ಉಳಿದೆಲ್ಲಕ್ಕೂ ಫೇಲ್ ಆಗಬಹುದು.

ಕೇಳುವ ದಾರಿ ಬೇರೆಯಾದರೂ ಉತ್ತರ ಕೊಡುವುದು ಆ ಡ್ರೈವರೇ. ಮಾನಿಟರ್ ತನ್ನ ರಿಫ್ರೆಶ್ ವೇಗವನ್ನು ಬೇಕಾದಂತೆ ಬದಲಿಸಿಕೊಳ್ಳಬಲ್ಲದೇ ಎಂಬುದನ್ನು ಡ್ರೈವರ್ ‘ವಿಆರ್‌ಆರ್ ಕೇಪಬಲ್’ ಎಂಬ ಗುರುತಿನಿಂದ ತಿಳಿಸುತ್ತದೆ. ಆ ಗುರುತನ್ನು ಹಾಕುವ ಮುನ್ನ ಡ್ರೈವರ್ ಮಾನಿಟರ್ ಕಳಿಸಿದ ಈಡಿಐಡಿ ಎಂಬ ಮಾಹಿತಿಯನ್ನು ಓದಿ ಅರ್ಥಮಾಡಿಕೊಂಡಿರಬೇಕು. ಓದುವ ಕೋಡ್‌ನಲ್ಲೇ ಬಗ್ ಇದ್ದರೆ ಗುರುತು ಬೀಳುವುದಿಲ್ಲ, ವಿಆರ್‌ಆರ್ ಟೆಸ್ಟ್‌ಗಳೆಲ್ಲ ಸ್ಕಿಪ್. ಇದಕ್ಕೆ ಇರುವ ಮದ್ದು ಎರಡನೆಯ ಸಾಕ್ಷಿ. ಅದೇ ಈಡಿಐಡಿಯನ್ನು ಡ್ರೈವರ್‌ಗೆ ಸಂಬಂಧವಿಲ್ಲದ ಈಡಿಐಡಿ-ಡೀಕೋಡ್ ಎಂಬ ಪ್ರೋಗ್ರಾಂ ಓದಬಲ್ಲದು. ಗೂಗಲ್‌ನ ಕ್ರೋಮ್ ಓಎಸ್ ತಂಡದವರು ರೂಪಿಸಿದ ಕಮೀಲಿಯಂ ಎಂಬ ಬೋರ್ಡ್ ಮಾನಿಟರ್‌ನ ಹಾಗೆ ನಟಿಸಿ, ನಾವು ಕೊಟ್ಟ ಈಡಿಐಡಿಯನ್ನೇ ಡ್ರೈವರ್‌ಗೆ ತೋರಿಸುತ್ತದೆ. ಅಲ್ಲಿ ಏನು ಕೊಟ್ಟೆವೆಂದು ನಮಗೆ ಗೊತ್ತಿರುವುದರಿಂದ ಡ್ರೈವರ್ ‘ಇಲ್ಲ’ ಎಂದರೆ ಅದು ಸ್ಕಿಪ್ ಆಗುವುದಿಲ್ಲ, ಫೇಲ್ ಆಗುತ್ತದೆ.

ಡ್ರೈವರ್‌ನ ಮಾತನ್ನೇ ನಂಬಬೇಕಾದ ಈ ತೊಂದರೆಗೆ ಕ್ರೋನೋಸ್‌ನವರು ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ವಲ್ಕನ್‌ನ ನಿರ್ದೇಶದಲ್ಲಿ ಕೆಲವು ಗುಣಗಳು ಐಚ್ಛಿಕ, ಕೆಲವು ಕಡ್ಡಾಯ. ಉದಾಹರಣೆಗೆ ಬಫರ್‌ನ ಗಡಿ ದಾಟಿ ಓದಿದರೂ ವ್ಯವಸ್ಥೆ ಕುಸಿಯದಂತೆ ನೋಡಿಕೊಳ್ಳುವ ರೋಬಸ್ಟ್ ಬಫರ್ ಆಕ್ಸೆಸ್ ಎಲ್ಲರಿಗೂ ಕಡ್ಡಾಯ. ಸಾವಿರಾರು ಟೆಸ್ಟ್‌ಗಳು ಗುಣಗಳಿವೆಯೇ ಎಂದು ಡ್ರೈವರನ್ನೇ ಕೇಳಿ, ಇಲ್ಲದಿದ್ದರೆ ‘ನಾಟ್ ಸಪೋರ್ಟೆಡ್’ ಎಂದು ಬಿಡುತ್ತವೆ, ನಿಜ. ಅದರ ಪಕ್ಕದಲ್ಲೇ ಕಡ್ಡಾಯ ಗುಣಗಳನ್ನೆಲ್ಲ ಡ್ರೈವರ್ ‘ಇದೆ’ ಎಂದು ಸಾರಿದೆಯೇ ಎಂದು ನೋಡುವ ಪ್ರತ್ಯೇಕ ಟೆಸ್ಟ್ ಇದೆ. ಚಿತ್ರದ ಫಾರ್ಮ್ಯಾಟ್‌ಗಳಿಗೂ ಹಾಗೆಯೇ. ಸುಳ್ಳು ಹೇಳಿ ಸಾವಿರ ಟೆಸ್ಟ್‌ಗಳಿಂದ ತಪ್ಪಿಸಿಕೊಂಡ ಡ್ರೈವರ್ ಈ ಒಂದು ಟೆಸ್ಟ್‌ನಲ್ಲಿ ಸಿಕ್ಕಿಬೀಳುತ್ತದೆ. ಸ್ಕಿಪ್ ಷರತ್ತನ್ನು ಕಾಯಲು ಇನ್ನೊಂದು ಟೆಸ್ಟನ್ನೇ ನಿಲ್ಲಿಸಿದ ಹಾಗೆ ಇದು. ಕರ್ನಲ್ ಮಟ್ಟದಲ್ಲೂ, ಕಡ್ಡಾಯ ಗುಣಗಳ ಒಂದೇ ಪಟ್ಟಿ ಎಲ್ಲ ಡ್ರೈವರ್‌ಗಳಿಗೂ ಸಾಧ್ಯವಾಗದಿದ್ದರೂ, ಒಂದೊಂದು ಚಿಪ್‌ಗೆ ಇಂಥ ಪಟ್ಟಿ ಬರೆಯಲು ಅಡ್ಡಿಯೇನಿಲ್ಲ.

ಸಾಕ್ಷ್ಯ ಎಷ್ಟು ನಾಜೂಕಾದದ್ದು ಎಂಬುದಕ್ಕೆ ಐಜಿಟಿಯೊಳಗಿಂದಲೇ ಒಂದು ಉದಾಹರಣೆ. ಲ್ಯಾಪ್‌ಟಾಪ್‌ನ ಪರದೆ ಬದಲಾಗದೆ ನಿಂತಿರುವಾಗ ಪ್ಯಾನೆಲ್ ತನ್ನ ಚಿತ್ರವನ್ನು ತಾನೇ ನೆನಪಿಟ್ಟುಕೊಂಡು, ಚಿಪ್‌ಗೆ ವಿಶ್ರಾಂತಿ ಕೊಟ್ಟು, ಬ್ಯಾಟರಿ ಉಳಿಸುವ ಪಿಎಸ್‌ಆರ್ ಎಂಬ ವ್ಯವಸ್ಥೆ ಇದೆ. ಪ್ಯಾನೆಲ್‌ಗೆ ಆ ಶಕ್ತಿ ಇದೆಯೇ ಎಂದು ತಿಳಿಯಲು ಐಜಿಟಿ, ಕರ್ನಲ್ ತನ್ನ ಒಳಸ್ಥಿತಿಯನ್ನು ತೋರಿಸುವ ಡೀಬಗ್‌ಎಫ್‌ಎಸ್‌ನ ಒಂದು ಕಡತವನ್ನು ಓದಿ, ಅದರಲ್ಲಿ ‘ಸಿಂಕ್ ಸಪೋರ್ಟ್: ಯೆಸ್’ ಎಂಬ ಪಠ್ಯವನ್ನು ಹುಡುಕುತ್ತಿತ್ತು. ಹಿಂದಿನ ಕರ್ನಲ್‌ಗಳಲ್ಲಿ ಎರಡು ಪದಗಳ ನಡುವೆ ಅಡಿಗೆರೆ ಇತ್ತು, ಮುಂದಿನವುಗಳಲ್ಲಿ ಖಾಲಿ ಜಾಗ ಬಂತು. ಲೈಬ್ರರಿಯ ಕೋಡ್‌ನಲ್ಲಿ ಎರಡೂ ರೂಪಗಳನ್ನು ಹುಡುಕುವ ಸಾಲು ಇತ್ತು. ಆ ಎಚ್ಚರ ಒಬ್ಬರಿಗೆ ಇಲ್ಲದೆ ಹೋಗಿದ್ದರೆ, ಒಂದು ಅಡಿಗೆರೆ ಅಳಿಸಿದ್ದಕ್ಕೆ ಪಿಎಸ್‌ಆರ್ ಟೆಸ್ಟ್‌ಗಳೆಲ್ಲ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಮೌನವಾಗಿ ನಿಂತುಹೋಗುತ್ತಿದ್ದವು. ಡೀಬಗ್‌ಎಫ್‌ಎಸ್‌ನ ಕಡತಗಳಿಗೆ ಸ್ಥಿರತೆಯ ಭರವಸೆ ಇಲ್ಲ. ಅಂಥ ಕಡತ ಓದುವ ಷರತ್ತಿನಲ್ಲಿ ಮೂರು ಸ್ಥಿತಿಗಳನ್ನು ಬೇರ್ಪಡಿಸಲೇಬೇಕು: ಕಡತವೇ ಇಲ್ಲ, ಕಡತದಲ್ಲಿ ‘ಇಲ್ಲ’ ಎಂದಿದೆ, ಕಡತದಲ್ಲಿ ನಮಗೆ ಅರ್ಥವಾಗದ ಏನೋ ಇದೆ. ಮೂರನೆಯದಕ್ಕೆ ಸ್ಕಿಪ್ ಸಲ್ಲದು. ಅರ್ಥವಾಗದ ಉತ್ತರ ಬಂದರೆ ಟೆಸ್ಟ್ ಕೂಗಬೇಕು.

ಷರತ್ತನ್ನು ಎಲ್ಲಿ ಇಡಬೇಕು ಎಂಬುದು ಎಲ್ಲರೂ ಹಗುರವಾಗಿ ನೋಡುವ ಸಂಗತಿ. ಐಜಿಟಿಯ ಒಂದು ಪ್ರೋಗ್ರಾಂನಲ್ಲಿ ಹಲವು ಸಬ್‌ಟೆಸ್ಟ್‌ಗಳಿರುತ್ತವೆ. ಅವುಗಳ ಮುಂದೆ ಬರುವ ಫಿಕ್ಸ್‌ಚರ್ ಎಂಬ ಸಿದ್ಧತೆಯ ಭಾಗದಲ್ಲಿ ಷರತ್ತು ಸುಳ್ಳಾದರೆ, ಅದರ ನಂತರದ ಸಬ್‌ಟೆಸ್ಟ್‌ಗಳೆಲ್ಲ ಸ್ಕಿಪ್. ಅದು ಒಂದೇ ಸಬ್‌ಟೆಸ್ಟ್‌ಗೆ ಬೇಕಾದ ಷರತ್ತಾಗಿದ್ದರೆ ಉಳಿದವು ಸುಮ್ಮನೆ ಬಲಿಯಾದವು. ಇನ್ನೊಂದು ತೊಂದರೆ ನಿರ್ಗಮನ ಸಂಖ್ಯೆಯದು. ಐವತ್ತರಲ್ಲಿ ನಲವತ್ತೊಂಬತ್ತು ಸ್ಕಿಪ್ ಆಗಿ ಒಂದು ಪಾಸ್ ಆದರೂ ಇಡೀ ಪ್ರೋಗ್ರಾಂ ಕೊಡುವ ಸಂಖ್ಯೆ ಯಶಸ್ಸಿನದು. ಎಲ್ಲವೂ ಸ್ಕಿಪ್ ಆದರೆ ಮಾತ್ರ 77. ಸಂಖ್ಯೆ ನೋಡಿ ತೃಪ್ತರಾಗುವವರು ಒಳಗಿನ ಪಟ್ಟಿಯನ್ನು ಓದಬೇಕು. ಟೆಸ್ಟ್‌ನ ನಡುಮಧ್ಯದಲ್ಲಿ ಸ್ಕಿಪ್ ಮಾಡುವುದೂ ಒಳ್ಳೆಯದಲ್ಲ. ಸ್ಕಿಪ್ ಒಂದು ದೊಡ್ಡ ಜಿಗಿತ. ತೆರೆದ ಕಡತ, ಹಿಡಿದ ಮೆಮೊರಿ, ಬದಲಿಸಿದ ಪರದೆಯ ಸ್ಥಿತಿ ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಹೊರಬರುತ್ತದೆ. ಮುಂದಿನ ಸಬ್‌ಟೆಸ್ಟ್ ಆ ಕೊಳೆಯ ಮೇಲೆ ಓಡಿ ಫೇಲ್ ಆದಾಗ, ಕಾರಣ ಹುಡುಕುವವರು ತಪ್ಪಾದ ಕಡೆ ಅಗೆಯುತ್ತಾರೆ. ಕೇಳಬೇಕಾದುದನ್ನೆಲ್ಲ ಯಂತ್ರವನ್ನು ಮುಟ್ಟುವ ಮುಂಚೆ ಕೇಳಿ ಮುಗಿಸಬೇಕು. ಕ್ರೋನೋಸ್‌ನ ಟೆಸ್ಟ್‌ಗಳಲ್ಲಿ ಬೆಂಬಲ ನೋಡುವ ಫಂಕ್ಷನನ್ನೇ ಬೇರೆಯಾಗಿ ಇಟ್ಟಿರುವುದು ಈ ಶಿಸ್ತಿಗೆ ಒದಗಿಬರುತ್ತದೆ.

ಇದುವರೆಗೆ ಹೇಳಿದ್ದು ಟೆಸ್ಟ್‌ನ ಒಳಗಿನ ಷರತ್ತು. ಹೊರಗಿನಿಂದ ಪಟ್ಟಿ ಹಾಕಿ ಬಿಡುವುದೂ ಉಂಟು. ಮೇಸಾ ಎಂಬ ಮುಕ್ತ ಆಕರದ ಗ್ರಾಫಿಕ್ಸ್ ಯೋಜನೆಯಲ್ಲಿ, ಬದಲಾವಣೆಗಳ ಮೇಲೆ ತಾನಾಗಿ ಟೆಸ್ಟ್ ಓಡಿಸುವ ಸಿಐ ವ್ಯವಸ್ಥೆಯೊಳಗೆ, ಪ್ರತಿ ಚಿಪ್‌ಗೆ ಮೂರು ಕಡತಗಳಿರುತ್ತವೆ: ಫೇಲ್ ಆಗುತ್ತವೆಂದು ಗೊತ್ತಿರುವವು, ಒಮ್ಮೆ ಪಾಸಾಗಿ ಒಮ್ಮೆ ಫೇಲಾಗುವವು, ಓಡಿಸಲೇಬಾರದವು. ಕರ್ನಲ್‌ನ ಡಿಆರ್‌ಎಂ ಭಾಗದಲ್ಲೂ ಈಗ ಅದೇ ಮಾದರಿ ಬಂದಿದೆ. ಮೊದಲ ಮತ್ತು ಮೂರನೆಯ ಕಡತಗಳ ನಡುವಿನ ಅಂತರ ಬಹಳ ದೊಡ್ಡದು. ಫೇಲ್ ಪಟ್ಟಿಯಲ್ಲಿರುವ ಟೆಸ್ಟ್ ಪ್ರತಿದಿನ ಓಡುತ್ತಲೇ ಇರುತ್ತದೆ. ಯಾರೋ ಬಗ್ ಸರಿಪಡಿಸಿದ ದಿನ ಅದು ಪಾಸ್ ಆಗುತ್ತದೆ. ನಿರೀಕ್ಷೆಗಿಂತ ಒಳ್ಳೆಯದಾಯಿತು ಎಂದು, ಟೆಸ್ಟ್‌ಗಳನ್ನು ಓಡಿಸುವ ಡೀಕ್ಯೂಪಿ-ರನ್ನರ್ ತಡೆದು ನಿಲ್ಲಿಸಿ ಹೇಳುತ್ತದೆ, ಪಟ್ಟಿಯಿಂದ ತೆಗೆಯಲೇಬೇಕಾಗುತ್ತದೆ. ಸ್ಕಿಪ್ ಪಟ್ಟಿಗೆ ಹೋದದ್ದು ಹಾಗೆ ಎಂದೂ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಯಂತ್ರವನ್ನೇ ಸ್ತಬ್ಧಗೊಳಿಸುವ ಅಥವಾ ಸಹಿಸಲಾಗದಷ್ಟು ಹೊತ್ತು ಹಿಡಿಯುವ ಟೆಸ್ಟ್‌ಗಳಿಗಷ್ಟೇ ಆ ಪಟ್ಟಿ ಮೀಸಲಿರಬೇಕು. ಬಗ್ ಇದೆ ಎಂಬ ಕಾರಣಕ್ಕೆ ಟೆಸ್ಟ್‌ನ ಒಳಗೇ ಸ್ಕಿಪ್ ಷರತ್ತು ಬರೆಯುವುದು ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಡ್ರೈವರ್‌ನ ಕೊರತೆಯನ್ನು ಹಾರ್ಡ್‌ವೇರ್‌ನ ಕೊರತೆ ಎಂದು ದಾಖಲೆಗೆ ಸೇರಿಸುತ್ತದೆ.

ಷರತ್ತು ಎಷ್ಟೇ ಚೆನ್ನಾಗಿದ್ದರೂ ಫಲಿತಾಂಶ ಓದುವವರಿಲ್ಲದಿದ್ದರೆ ವ್ಯರ್ಥ. ಇಂಟೆಲ್‌ನ ಸಿಐ ವರದಿಗಳಲ್ಲಿ ಹಿಂದಿನ ಓಟದಲ್ಲಿ ಪಾಸ್ ಆಗಿದ್ದ ಟೆಸ್ಟ್ ಈಗ ಸ್ಕಿಪ್ ಆದರೆ, ಆ ಬದಲಾವಣೆಯನ್ನು ಬಾಣದ ಗುರುತಿನೊಂದಿಗೆ ಎತ್ತಿ ತೋರಿಸುತ್ತಾರೆ. ಅದೇ ಯಂತ್ರ, ಅದೇ ಮಾನಿಟರ್, ನಿನ್ನೆ ಶಕ್ತಿ ಇತ್ತು, ಇವತ್ತು ಇಲ್ಲ ಎಂದರೆ ಹಾರ್ಡ್‌ವೇರ್ ಬದಲಾಗಿಲ್ಲ, ನಡುವೆ ಬಂದ ಪ್ಯಾಚ್ ಏನನ್ನೋ ಬದಲಿಸಿದೆ. ಆದರೆ ಇದಕ್ಕೂ ಕಾಣದ ಒಂದು ಮೂಲೆ ಇದೆ. ಈಚಿನ ಐಜಿಟಿಯಲ್ಲಿ ಡೈನಾಮಿಕ್ ಸಬ್‌ಟೆಸ್ಟ್‌ಗಳಿವೆ: ಯಂತ್ರದಲ್ಲಿ ಪರದೆಗೆ ಚಿತ್ರ ಕಳಿಸುವ ಎಷ್ಟು ಪೈಪ್, ಎಷ್ಟು ಔಟ್‌ಪುಟ್ ಸಿಕ್ಕಿದವೋ ಅಷ್ಟಕ್ಕೂ ಓಡುವಾಗಲೇ ಒಂದೊಂದು ಹುಟ್ಟುತ್ತದೆ. ಒಂದೂ ಹುಟ್ಟದಿದ್ದರೆ ಸ್ಕಿಪ್ ಎಂದು ದಾಖಲಾಗುತ್ತದೆ. ನಾಲ್ಕು ಹುಟ್ಟಬೇಕಾದ ಕಡೆ ಮೂರು ಹುಟ್ಟಿದರೆ? ಡ್ರೈವರ್ ಒಂದು ಔಟ್‌ಪುಟನ್ನು ಪತ್ತೆಹಚ್ಚಲು ಸೋತಿದ್ದರೆ, ಆ ಔಟ್‌ಪುಟ್‌ನ ಟೆಸ್ಟ್ ಪಾಸೂ ಅಲ್ಲ, ಫೇಲೂ ಅಲ್ಲ, ಸ್ಕಿಪ್ಪೂ ಅಲ್ಲ. ಅದು ವರದಿಯಲ್ಲೇ ಇಲ್ಲ. ಪ್ರತಿ ಲ್ಯಾಬ್ ತನ್ನ ಒಂದೊಂದು ಯಂತ್ರಕ್ಕೂ ಯಾವ ಮಾನಿಟರ್ ಯಾವ ಪೋರ್ಟ್‌ನಲ್ಲಿದೆ, ಅದಕ್ಕೆ ಏನೇನು ಬರುತ್ತದೆ ಎಂಬುದನ್ನು ಮನುಷ್ಯರೇ ಬರೆದಿಟ್ಟ ಪಟ್ಟಿ ಇಟ್ಟುಕೊಂಡು, ವರದಿಯನ್ನು ಅದರೊಂದಿಗೆ ಹೋಲಿಸಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಬೇಸರದ ಕೆಲಸ, ಹೌದು. ಡ್ರೈವರ್ ಮುಟ್ಟಿರದ ಸಾಕ್ಷ್ಯ ಬೇಕೆಂದರೆ ಅದನ್ನು ಬಿಟ್ಟರೆ ಬೇರೆ ದಾರಿ ಕಡಿಮೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಇದನ್ನೆಲ್ಲ ಮಾಡಿ ನೋಡಲು ದುಬಾರಿ ಕಾರ್ಡ್ ಬೇಕಾಗಿಲ್ಲ. 2018ರಲ್ಲಿ 4.19ನೇ ಕರ್ನಲ್‌ನೊಂದಿಗೆ ಬಂದ ವಿಕೆಎಂಎಸ್ ಎಂಬ ಡ್ರೈವರ್‌ಗೆ ಹಾರ್ಡ್‌ವೇರೇ ಇಲ್ಲ; ಪರದೆಯನ್ನು ಪೂರ್ತಿ ಸಾಫ್ಟ್‌ವೇರ್‌ನಲ್ಲಿ ನಟಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನ ವರ್ಚುವಲ್ ಯಂತ್ರದೊಳಗೆ ಅದನ್ನು ಲೋಡ್ ಮಾಡಿ, ಐಜಿಟಿಯ ಕೆಎಂಎಸ್ ಎಂಬ, ಪರದೆಗೆ ಸಂಬಂಧಿಸಿದ ಟೆಸ್ಟ್‌ಗಳನ್ನು ಓಡಿಸಿ. ಬಹಳಷ್ಟು ಸ್ಕಿಪ್ ಆಗುತ್ತವೆ. ಪ್ರತಿ ಸ್ಕಿಪ್‌ನ ಜೊತೆ ಯಾವ ಫಂಕ್ಷನ್, ಯಾವ ಕಡತ, ಎಷ್ಟನೇ ಸಾಲು, ಯಾವ ಷರತ್ತು ಎಂದು ಐಜಿಟಿ ಮುದ್ರಿಸುತ್ತದೆ, ಕೊನೆಯ ದೋಷಸಂಖ್ಯೆಯನ್ನೂ ಕೊಡುತ್ತದೆ. ಒಂದನ್ನು ಆರಿಸಿಕೊಂಡು ಒಂದು ಕಡೆ ಟೆಸ್ಟ್‌ನ ಆ ಸಾಲನ್ನು, ಇನ್ನೊಂದು ಕಡೆ ವಿಕೆಎಂಎಸ್‌ನ ಕೋಡನ್ನು ತೆರೆದಿಟ್ಟು ಓದಿ. ಅಡಿಯಲ್ಲಿ ಗುಟ್ಟಿನ ಚಿಪ್ ಯಾವುದೂ ಇಲ್ಲದ ಕಾರಣ, ಶಕ್ತಿ ಇದೆಯೋ ಇಲ್ಲವೋ ಎಂಬುದಕ್ಕೆ ಪೂರ್ತಿ ಉತ್ತರ ನಿಮ್ಮ ಕಣ್ಣೆದುರೇ ಇರುತ್ತದೆ. ಷರತ್ತು ಅಗತ್ಯಕ್ಕಿಂತ ಅಗಲವಾಗಿದೆ ಎಂದು ಕಂಡರೆ ಕಿರಿದು ಮಾಡಿ ಪ್ಯಾಚ್ ಕಳಿಸಿ. ಅದರ ಜೊತೆಗಿನ ಟಿಪ್ಪಣಿಯಲ್ಲಿ, ಮೊದಲು ಬಿಟ್ಟುಹೋಗುತ್ತಿದ್ದ ಟೆಸ್ಟ್ ಈಗ ಯಾವ ಕರ್ನಲ್‌ನಲ್ಲಿ ಓಡಿತು, ಓಡಿ ಪಾಸಾಯಿತೋ ಫೇಲಾಯಿತೋ ಎಂಬುದನ್ನು ಬರೆಯಿರಿ. ಫೇಲಾಗಿದ್ದರೂ ಬರೆಯಿರಿ. ಅಲ್ಲಿಂದ ಮುಂದಿನ ಕೆಲಸ ಡ್ರೈವರ್‌ನವರದು.